ಹೊಲದಿಂದ ಅಡಿಗೆಮನೆಗೆ

ಆದೋನಿ ಹತ್ತಿಯ ಪೇಟೆಯೆಂದು ಹೆಸರಾದ ಊರು. ಹತ್ತಿಯನ್ನು ರೈತನು ಗಿರಾಕಿಗೆ ನೇರವಾಗಿ ಮಾರಲಾರ. ಅದು ಬಟ್ಟೆಯಾಗುವ ಮೊದಲು ಗಿರಣಿಗೆ ಹೋಗಲೇಬೇಕು. ಆದರೆ ಪತ್ತಿಕೊಂಡ, ಆಸ್ಪರಿ ಕಡೆಯ ಟೊಮೆಟೊ ಹಾಗಲ್ಲ. ಗಿಡದಿಂದ ಕಿತ್ತದ್ದೇ ಸಾರಿಗೆ ಬೀಳುತ್ತದೆ. ಆದರೂ ಬೆಳೆದವನಿಗೂ ಉಣ್ಣುವವನಿಗೂ ನಡುವೆ ಮೂರು ನಾಲ್ಕು ಕೈಗಳಿವೆ. ಗ್ರಾಹಕನು ಟೊಮೆಟೊಗೆ ಕೊಡುವ ಒಂದು ರೂಪಾಯಿಯಲ್ಲಿ ರೈತನಿಗೆ ಸೇರುವುದು ಸುಮಾರು 33 ಪೈಸೆ ಮಾತ್ರ ಎಂದು ರಿಸರ್ವ್ ಬ್ಯಾಂಕಿನ 2024ರ ಒಂದು ಅಧ್ಯಯನ ತಿಳಿಸಿತು.

ನಡುವಿನವರೆಲ್ಲರೂ ಕೆಟ್ಟವರೆಂದು ತಿಳಿಯಬಾರದು. ಸಾಗಿಸುವುದು, ವಿಂಗಡಿಸುವುದು, ಕೊಳೆತದ್ದರ ನಷ್ಟ ಹೊರುವುದು ಇವೂ ಕೆಲಸಗಳೇ. ಆದರೆ ಬಿತ್ತನೆಗೆ ಮುಂಗಡ ಕೊಟ್ಟವನ ಮಂಡಿಗೇ ಮಾಲು ಹಾಕಬೇಕಾಗಿ ಬಂದಾಗ, ಬೆಲೆ ಕೇಳುವ ಬಾಯಿ ರೈತನಿಗೆ ಉಳಿಯುವುದಿಲ್ಲ.

ಈ ಅಂತರವನ್ನು ತಗ್ಗಿಸಲು ಆಂಧ್ರಪ್ರದೇಶ ಸರಕಾರವು 1999ರ ಜನವರಿ 26ರಂದು ರೈತು ಬಜಾರ್‌ಗಳನ್ನು ಆರಂಭಿಸಿತು. ಕರ್ನೂಲಿನ ಸಿ ಕ್ಯಾಂಪಿನಲ್ಲಿ ಇಂಥದೊಂದು ಇದೆ. ನಿಜವಾಗಿ ಬೆಳೆಯುವವರನ್ನು ಅಧಿಕಾರಿಗಳು ಗುರುತಿಸಿ ಚೀಟಿ ಕೊಡುತ್ತಾರೆ. ಆ ದಿನದ ದರವನ್ನು ಹಲಗೆಯ ಮೇಲೆ ಬರೆಯುತ್ತಾರೆ. ಸಗಟು ಬೆಲೆಗಿಂತ ಕಾಲುಭಾಗ ಹೆಚ್ಚು, ಚಿಲ್ಲರೆ ಬೆಲೆಗಿಂತ ಕಾಲುಭಾಗ ಕಡಿಮೆ ಎಂಬುದು ಇಲ್ಲಿನ ಸಾಮಾನ್ಯ ಅಳತೆ.

ಒಂದು ಲೆಕ್ಕ ಮಾಡೋಣ. ಟೊಮೆಟೊಗೆ ಕಿಲೋಗೆ ಸಗಟು ಬೆಲೆ 12 ರೂಪಾಯಿ, ಚಿಲ್ಲರೆ ಬೆಲೆ 20 ರೂಪಾಯಿ ಎಂದಿಟ್ಟುಕೊಳ್ಳಿ. ಬಜಾರಿನ ದರ 15 ರೂಪಾಯಿ ಆಗುತ್ತದೆ. 100 ಕಿಲೋ ತಂದ ರೈತನಿಗೆ 1200ರ ಬದಲು 1500 ರೂಪಾಯಿ ಸಿಗುತ್ತದೆ. ಕೊಂಡವರಿಗೆ ಒಟ್ಟು 500 ರೂಪಾಯಿ ಉಳಿತಾಯ. ಇಬ್ಬರಿಗೂ ಲಾಭವೇ.

ಆದರೆ ಸಂಜೆಗೆ 20 ಕಿಲೋ ಮಾರಾಟವಾಗದೆ ಉಳಿಯಿತೆನ್ನಿ. 80 ಕಿಲೋಗೆ ಬಂದದ್ದು 1200 ರೂಪಾಯಿ. ಸಗಟಿಗೆ ಹಾಕಿದ್ದರೂ ಅಷ್ಟೇ ಬರುತ್ತಿತ್ತು! ಮೇಲಾಗಿ ಇಡೀ ದಿನದ ದುಡಿಮೆ ಹೋಯಿತು, ಗಾಡಿ ಬಾಡಿಗೆಯೂ ಮೈಮೇಲೆ ಬಂತು. ನಡುವಿನವನನ್ನು ಬಿಟ್ಟರೆ ಸಾಲದು, ಅವನು ಮಾಡುತ್ತಿದ್ದ ಕೆಲಸವನ್ನು ಯಾರಾದರೂ ಮಾಡಲೇಬೇಕು ಎಂಬ ಪಾಠ ಇದರಲ್ಲಿದೆ.

ಆ ಕೆಲಸವನ್ನು ಬೆಳೆಗಾರರ ಸಂಘವೇ ವಹಿಸಿಕೊಂಡ ಉದಾಹರಣೆ ಬೆಂಗಳೂರಿನಲ್ಲಿದೆ. ತೋಟಗಾರಿಕೆಯ ತಜ್ಞ ಡಾ. ಎಂ. ಎಚ್. ಮರಿಗೌಡರ ಆಸಕ್ತಿಯಿಂದ 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘ ಹುಟ್ಟಿತು. ಅದೇ ಬೆಳೆದು ಹಾಪ್‌ಕಾಮ್ಸ್ ಆಯಿತು. ರೈತರ ಹಣ್ಣು ತರಕಾರಿಗಳನ್ನು ಸಂಘವು ತೂಗಿ ಕೊಂಡು ತನ್ನದೇ ಮಳಿಗೆಗಳಲ್ಲಿ ಮಾರುತ್ತದೆ. ರೈತನು ಅಂಗಡಿಯಲ್ಲಿ ಕೂರಬೇಕಿಲ್ಲ, ಹೊಲಕ್ಕೆ ಮರಳಬಹುದು.

ನಮ್ಮ ಪಶ್ಚಿಮ ಕರ್ನೂಲಿನಲ್ಲಿ ಇದು ಬರೀ ಪೇಟೆಯ ಮಾತಲ್ಲ. ಬೆಳೆ ಕೈಕೊಟ್ಟಾಗ, ಬೆಲೆ ಬಿದ್ದಾಗ ಸಂಸಾರಗಳು ಗುಂಟೂರಿನ ಮೆಣಸಿನಕಾಯಿ ಹೊಲಗಳಿಗೆ ಕೂಲಿಗೆ ಹೊರಡುತ್ತವೆ. ಅವರೊಡನೆ ಮಕ್ಕಳೂ ಹೊರಡುತ್ತಾರೆ. ತರಗತಿಯಲ್ಲಿ ಅವರ ಜಾಗ ಬರಿದಾಗುತ್ತದೆ. ಕಿಲೋಗೆ ಮೂರು ರೂಪಾಯಿ ಹೆಚ್ಚು ಸಿಕ್ಕರೆ ಬರಗಾಲ ನೀಗದು. ಆದರೆ ಹೊರಡಬೇಕೇ ಇರಬೇಕೇ ಎಂದು ತೂಗಿನೋಡುವ ಮನೆಯಲ್ಲಿ ಆ ಮೂರು ರೂಪಾಯಿಗೂ ತೂಕವಿದೆ.

ಪೋಷಕರು ಮಾಡಬಹುದಾದದ್ದು ಸುಲಭ. ವಾರದ ತರಕಾರಿಯಲ್ಲಿ ಸ್ವಲ್ಪವನ್ನಾದರೂ ಬೆಳೆದವರಿಂದಲೇ ಕೊಳ್ಳಿರಿ. ಹಲಗೆಯ ದರದ ಮೇಲೆ ಮತ್ತೆ ಚೌಕಾಸಿ ಮಾಡಬೇಡಿರಿ. ಸಂಜೆ ಅಗ್ಗವಾದೀತೆಂದು ಕಾಯದೆ ಬೆಳಿಗ್ಗೆಯೇ ಹೋಗಿರಿ. ಆ 20 ಕಿಲೋ ಉಳಿಯದಂತೆ ಮಾಡುವ ಶಕ್ತಿ ಕೊಳ್ಳುವವರ ಕೈಯಲ್ಲೇ ಇದೆ.

ವಿದ್ಯಾರ್ಥಿಗಳಿಗೆ ಪ್ರಶ್ನೆಗಳು:

1. ಮೇಲಿನ ಲೆಕ್ಕದಲ್ಲಿ 10 ಕಿಲೋ ಮಾತ್ರ ಉಳಿದರೆ, ಬಾಡಿಗೆ 100 ರೂಪಾಯಿ ಕಳೆದು, ಸಗಟು ಮಾರಾಟಕ್ಕಿಂತ ರೈತನಿಗೆ ಎಷ್ಟು ಹೆಚ್ಚು ದೊರೆಯುವುದು?
2. ನಿಮ್ಮೂರಿನ ಯಾವ ಬೆಳೆಗಳನ್ನು ನೇರವಾಗಿ ಮಾರಬಹುದು? ಯಾವುವನ್ನು ಮಾರಲಾಗದು? ಏಕೆ?
3. ಐದು ಮನೆಯವರು ಕೂಡಿ ಒಬ್ಬರನ್ನು ಮಾರಲು ಕಳಿಸಿದರೆ ಆಗುವ ಅನುಕೂಲಗಳೇನು? ಮನೆಯ ಹಿರಿಯರನ್ನು ಕೇಳಿ ಬರೆಯಿರಿ.