ಗೋಸುಂಬೆ ಹೊಟ್ಟೆ ಉಬ್ಬಿದ್ರೆ ಡಬ್ಬದಾಗ ಇಡಬೇಡ್ರಿ

ಕೂಡ್ಲಿಗಿ ಕಡೆಯ ನಮ್ಮ ಪಕ್ಕದ ಹೊಲದ ಹುಡುಗ ಬೇಲಿಯಲ್ಲಿ ಸಿಕ್ಕ ಗೋಸುಂಬೆಯನ್ನು ರಟ್ಟಿನ ಡಬ್ಬದಲ್ಲಿ ತಂದಿದ್ದ. "ಅಣ್ಣಾ, ಹೊಟ್ಟೆ ಉಬ್ಬೈತಿ, ಮಿಡತೆ ಹಾಕಿದ್ರೂ ತಿನ್ನವಲ್ದು" ಅಂದ.

ಎರಡೂ ಪಕ್ಕೆ ಗಂಟುಗಂಟಾಗಿ ಉಬ್ಬಿ, ಮೇವು ಬಿಟ್ಟು, ನೆಲಕ್ಕಿಳಿದು ಮೂಲೆ ಕೆರೆಯುತ್ತಿದ್ದರೆ ಅದು ಮೊಟ್ಟೆ ಇಡಲು ಜಾಗ ಹುಡುಕುತ್ತಿರುವ ಹೆಣ್ಣು ಅಂತ ತಿಳೀರಿ. ಹೊಟ್ಟೆ ಒತ್ತಿ ನೋಡಬೇಡಿ, ಮೊಟ್ಟೆ ಒಳಗೇ ಒಡೆದೀತು. ಸದಾ ಗಿಡದ ಮೇಲಿರುವ ಈ ಪ್ರಾಣಿ ಆಗ ಕೆಳಗಿಳಿದು, ಹಸಿಯಿರುವ ಸಡಿಲ ಮಣ್ಣಲ್ಲಿ ಬಿಲ ತೋಡಿ 10ರಿಂದ 30ರಷ್ಟು ಮೊಟ್ಟೆ ಇಡುತ್ತದೆ. ಮಣ್ಣು ಮುಚ್ಚಿ ಹೊರಟೇ ಹೋಗುತ್ತದೆ, ಕಾವು ಕೊಡುವುದಿಲ್ಲ. ಡಬ್ಬದಲ್ಲಿ ತೋಡಲು ಮಣ್ಣೆಲ್ಲಿ? ಮೊಟ್ಟೆ ಒಳಗೇ ಕಟ್ಟಿಕೊಂಡು ತಾಯಿಯೂ ಸಾಯುತ್ತದೆ.

ಹಾಗಂತ ಬಕೆಟ್‌ನಲ್ಲಿ ಮಣ್ಣು ತುಂಬಿ ಸಾಕೋಕೆ ಹೋಗಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಗೋಸುಂಬೆ ಹಿಡಿಯುವುದೂ ಸಾಕುವುದೂ ಅಪರಾಧ. ಹಿಡಿದ ಬೇಲಿಗೇ ಅದೇ ದಿನ ಬಿಡಿ. ಗಾಯವಾಗಿದ್ದರೆ ಗಾಳಿಯಾಡುವ ಡಬ್ಬದಲ್ಲಿ ನೆರಳಿಗಿಟ್ಟು ಅರಣ್ಯ ಇಲಾಖೆಗೆ ತಿಳಿಸಿ. ವಿಷ, ಅಪಶಕುನ ಅಂತ ಕಲ್ಲು ಹೊಡೆಯುವವರೂ ಇದ್ದಾರೆ. ಅದಕ್ಕೆ ವಿಷವೇ ಇಲ್ಲ ಕಣ್ರೀ, ತಿನ್ನೋದು ನಮ್ಮ ಬೆಳೆಯ ಮಿಡತೆ, ಹುಳ.

ಮರಿ ಹೊರಬರಲು ತಿಂಗಳುಗಟ್ಟಲೆ ಬೇಕು. ಹಾಗಾಗಿ ಹಡಗಲಿಯ ಎರೆ ಇರಲಿ, ಕೊಟ್ಟೂರಿನ ಮಸಾರಿ ಇರಲಿ, ಬೇಲಿಯಂಚಿನ ಒಂದು ಮಾರು ನೆಲ ಉಳದೆ ಬಿಡಿ. ಅಗೆಯುವಾಗ ಬಿಳಿ ಮೊಟ್ಟೆ ಕಂಡರೆ ಮಗ್ಗುಲು ತಿರುಗಿಸದೆ ಅದೇ ಮಣ್ಣು ಮುಚ್ಚಿ.

ಹುಡುಗ ಸಂಜೆಯೇ ಅದನ್ನು ಜಾಲಿ ಬೇಲಿಗೆ ಬಿಟ್ಟು ಬಂದ. ಆ ಬದುವಿಗೆ ಈ ಸಲ ನಾವು ಟ್ರ್ಯಾಕ್ಟರ್ ಹತ್ತಿಸಿಲ್ಲ.