ನಾಲ್ಕು ಭಾನುವಾರ, ಒಂದು ತಮಟೆ

ರಾಜ್ಯೋತ್ಸವಕ್ಕೆ ಈ ಸಲ ಹೊರಗಿನ ತಂಡ ಬೇಡ, ನಾವೇ ತಮಟೆ ಕಲಿತು ಬಾರಿಸೋಣ ಅಂತ ಸಂಘದ ಮೀಟಿಂಗ್‌ನಲ್ಲಿ ಕೈ ಎತ್ತಿದ್ದು ನಾನೇ. ಆಗ ನನಗಿದ್ದ ಸಂಗೀತ ಜ್ಞಾನ ಅಂದ್ರೆ ಏಳನೇ ಕ್ಲಾಸಿಗೆ ಬಿಟ್ಟ ಕೀಬೋರ್ಡ್ ಅಷ್ಟೇ. ಹಾಸ್ಟೆಲ್ ಟೆರೇಸ್ ಮೇಲೆ ವಿಡಿಯೋ ನೋಡ್ಕೊಂಡು ಐದು ಜನ ಒಂದು ವಾರ ಬಡಿದೆವು. ಶಬ್ದ ಬಂತು, ಏಟು ಬರಲಿಲ್ಲ. ಕೊನೆಗೆ ಒಬ್ಬ ಸೀನಿಯರ್ ಬೈದ: "ಬಾರಿಸೋರು ಬಸ್ಸಲ್ಲಿ ಹೋಗೋಷ್ಟು ಹತ್ತಿರದಲ್ಲಿದ್ದಾರೆ. ನೀವು ಮೊಬೈಲ್‌ನಲ್ಲಿ ಹುಡುಕ್ತಿದ್ದೀರಲ್ರೋ!"

ಹಾಗೆ ಶುರುವಾದದ್ದು ನಮ್ಮ ನಾಲ್ಕು ಭಾನುವಾರ: ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡ. ಒಂದೊಂದು ತಾಲ್ಲೂಕಿನಲ್ಲಿ ಒಬ್ಬೊಬ್ಬ ಹಿರಿಯ ಕಲಾವಿದರ ಮನೆ ಮುಂದೆ ಅರ್ಧ ದಿನ. ಮುಂದಿನ ಬ್ಯಾಚ್‌ಗೆ ಉಪಯೋಗವಾಗಲಿ ಅಂತ ಕಲಿತದ್ದನ್ನು ಪಾಠದ ಥರ ಬರೆದಿದ್ದೇನೆ. ನಾನು ಇಂಗ್ಲಿಷ್ ಮೀಡಿಯಂ ಗಿರಾಕಿ, ಒತ್ತಕ್ಷರ ತಪ್ಪಿದ್ರೆ ಕ್ಷಮಿಸಿ.

ಪಾಠ 1, ಮಧುಗಿರಿ: ಮೊದಲು ಚರ್ಮ, ಆಮೇಲೆ ಕೋಲು

ಮಧುಗಿರಿಯ ಏಕಶಿಲಾ ಬೆಟ್ಟ ಕಾಣಿಸುವ ಒಂದು ಹಳ್ಳಿ. ನಾವು ಹೋದ ತಕ್ಷಣ ತಾತ ಎದ್ದು ನಿಂತು "ಬನ್ನಿ ಸ್ವಾಮಿ" ಅಂದ್ರು. ಎಪ್ಪತ್ತು ದಾಟಿದವರು ಹತ್ತೊಂಬತ್ತರ ಹುಡುಗರಿಗೆ ಸ್ವಾಮಿ ಅನ್ನೋದು ಕೇಳಿ ನಮಗೆ ಮುಜುಗರ. "ಕೂತ್ಕೊಳಿ ತಾತ" ಅಂದ್ವಿ. ಅವರು ಕೂರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಮತ್ತೆ ಬರ್ತೀನಿ.

ಮರದ ಅಥವಾ ಕಬ್ಬಿಣದ ಬಳೆಗೆ ಒಂದೇ ಬದಿ ಚರ್ಮ ಬಿಗಿದರೆ ತಮಟೆ. ಹಿಂಬದಿ ಖಾಲಿ. ಹೆಗಲಿನಿಂದ ಇಳಿಬಿಟ್ಟು ಮೈಗೆ ಒರಗಿಸಿಕೊಂಡು ಬಾರಿಸ್ತಾರೆ. ಬಲಗೈಯಲ್ಲಿ ಗಿಡ್ಡನೆಯ ದಪ್ಪ ಕೋಲು, ಎಡಗೈಯಲ್ಲಿ ಉದ್ದನೆಯ ತೆಳು ಬಿದಿರು ಕಡ್ಡಿ. ದಪ್ಪ ಕೋಲು "ಡಂ" ಅನ್ನುತ್ತೆ, ಕಡ್ಡಿ "ಟಕ" ಅನ್ನುತ್ತೆ. ಈ ಎರಡು ಶಬ್ದಗಳಲ್ಲೇ ಇಡೀ ಊರು ಕುಣಿಯೋದು.

ತಾತ ಮೊದಲ ಒಂದು ಗಂಟೆ ಕೋಲೇ ಕೊಡಲಿಲ್ಲ. ಒಣಹುಲ್ಲಿಗೆ ಬೆಂಕಿ ಹಚ್ಚಿ, ತಮಟೆಯನ್ನು ಅದರ ಮುಂದೆ ತಿರುಗಿಸ್ತಾ, ನಡುನಡುವೆ ಬೆರಳಲ್ಲಿ ತಟ್ಟಿ ನಮಗೆ ಕೇಳಿಸ್ತಾ ಹೋದ್ರು. "ಇನ್ನೂ ಹಸಿ ಐತೆ." ಮತ್ತೆ ಬೆಂಕಿ. "ಈಗ ಕೇಳಿ." ಅದೇ ತಮಟೆ, ಬೇರೆಯದೇ ದನಿ.

ಇಲ್ಲಿ ನಮ್ಮ ಫಿಸಿಕ್ಸ್ ಉಪಯೋಗಕ್ಕೆ ಬಂತು. ಚರ್ಮ ಗಾಳಿಯ ತೇವ ಹೀರಿದರೆ ಸಡಿಲವಾಗುತ್ತೆ, ತೂಕವೂ ಹೆಚ್ಚುತ್ತೆ. ಕಾಯಿಸಿದರೆ ತೇವ ಹೋಗಿ ಬಿಗಿಯಾಗುತ್ತೆ. ಪೊರೆಯ ಕಂಪನಾಂಕವು ಬಿಗಿತದ ವರ್ಗಮೂಲಕ್ಕೆ ಅನುಗುಣವಾಗಿರುತ್ತೆ. ಅಂದ್ರೆ ಬಿಗಿತ ನಾಲ್ಕು ಪಟ್ಟಾದರೆ ಕಂಪನಾಂಕ ಎರಡು ಪಟ್ಟು. ಇನ್ನೊಂದು ವಿಷಯ. ಸಾದಾ ಪೊರೆಯ ಕಂಪನಗಳು 1, 1.59, 2.14, 2.30 ಅನುಪಾತದಲ್ಲಿರುತ್ತವೆ. ತಂತಿಯ ಹಾಗೆ 1, 2, 3 ಅಲ್ಲ. ಅದಕ್ಕೇ ತಮಟೆಗೆ "ಸಾ" ಇಂತದ್ದು ಅಂತ ಹೇಳೋಕಾಗಲ್ಲ. ಮೃದಂಗ, ತಬಲಾಗಳಲ್ಲಿ ನಡುವೆ ಕಪ್ಪು ಕರಣೆ ಮೆತ್ತಿ ಆ ಅನುಪಾತವನ್ನು ಸರಿಮಾಡಿರ್ತಾರೆ. ಇದನ್ನು ಸಿ.ವಿ. ರಾಮನ್ ಮತ್ತು ಅವರ ಸಹೋದ್ಯೋಗಿ 1920ರಲ್ಲೇ 'ನೇಚರ್' ಪತ್ರಿಕೆಯಲ್ಲಿ ಬರೆದಿದ್ದರು. ನಾನು ಇದೆಲ್ಲ ತಾತನಿಗೆ ಉತ್ಸಾಹದಿಂದ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು "ಸರಿ, ಈಗ ನೀವು ಕಾಯ್ಸಿ" ಅಂದ್ರು. ನಾನು ಕಾಯಿಸಿದ್ದು ಜಾಸ್ತಿಯಾಯ್ತು. ಸುಟ್ಟ ವಾಸನೆ ಬಂದಾಗ ಅವರೇ ಕಿತ್ಕೊಂಡ್ರು.

ಪಾಠ 2, ಕೊರಟಗೆರೆ: ಎಣಿಸಬೇಡಿ, ಬಾಯಲ್ಲಿ ಹೇಳಿ

ಎರಡನೇ ವಾರ ಮೊಬೈಲ್‌ನಲ್ಲಿ ಮೆಟ್ರೊನೋಮ್ ಹಾಕ್ಕೊಂಡು ಹೋಗಿದ್ದೆವು. ಒಂದು ಎರಡು ಮೂರು ನಾಲ್ಕು. ಕೊರಟಗೆರೆಯ ಕಲಾವಿದರು, ಸುಮಾರು ಐವತ್ತು ವಯಸ್ಸಿನ ಅಣ್ಣ, ಎರಡು ನಿಮಿಷ ನೋಡಿ "ಆ ಟಿಕ್ ಟಿಕ್ ಆಫ್ ಮಾಡಪ್ಪ, ತಲೆನೋವು" ಅಂದ್ರು. ಆಮೇಲೆ ಕೋಲು ಕೆಳಗಿಡಿಸಿ ಬಾಯಲ್ಲಿ ಹೇಳಿಸಿದ್ರು: ಡಂಡಣಕ, ಡಂಡಣಕ. ಹೇಳ್ತಾ ನಡೀಬೇಕು. ಅಂಗಳದಲ್ಲಿ ಆ ಕಡೆಯಿಂದ ಈ ಕಡೆಗೆ. ಬಾಯಿ, ಕಾಲು ಎರಡೂ ಕೂಡಿದ ಮೇಲೆ ಕೈಗೆ ಕೋಲು.

ಆಮೇಲೆ ಅವರು ಜಾತ್ರೆಯಲ್ಲಿ ಬಾರಿಸೋ ಇನ್ನೊಂದು ಏಟು ತೋರಿಸಿದ್ರು. ಅದು ನಮಗೆ ಯಾಕೆ ಹತ್ತಲಿಲ್ಲ ಅನ್ನೋದು ವಾಪಸ್ ಬಸ್ಸಲ್ಲಿ ರೆಕಾರ್ಡಿಂಗ್ ಕೇಳ್ತಾ ಗೊತ್ತಾಯ್ತು. ನಾವು ನಾಲ್ಕರಲ್ಲಿ ಎಣಿಸ್ತಿದ್ವಿ, ಏಟು ಆರರಲ್ಲಿತ್ತು. ಅದೂ ಒಮ್ಮೆ ಮೂರು ಮೂರು, ಒಮ್ಮೆ ಎರಡೆರಡು ಅನ್ನಿಸೋ ಹಾಗೆ. ಆ ಎಳೆದಾಟವೇ ಕಾಲನ್ನು ಕುಣಿಸೋದು. ಅಣ್ಣನಿಗೆ ಆರು ಅಂತ ಹೇಳಬೇಕಾಗಿಯೇ ಇಲ್ಲ. ಅವರ ಮಂಡಿಗೆ ಅದು ಗೊತ್ತು.

ಹೀಗೆ ಕಲಿಯೋದು ನಮ್ಮಲ್ಲಿ ಮಾತ್ರ ಅಲ್ಲ. ಐರ್ಲೆಂಡಿನ ಮಿಲ್ಟೌನ್ ಮಾಲ್ಬೆ ಅನ್ನೋ ಪುಟ್ಟ ಊರಿನಲ್ಲಿ 1973ರಿಂದ ಪ್ರತಿ ಬೇಸಿಗೆಯಲ್ಲೂ ವಿಲ್ಲಿ ಕ್ಲಾನ್ಸಿ ಹೆಸರಿನ ಸಂಗೀತ ಶಾಲೆ ನಡೆಯುತ್ತೆ. ಅಲ್ಲಿ ನುರಿತ ವಾದಕರು ಒಂದೊಂದೇ ತುಣುಕನ್ನು ನಿಧಾನವಾಗಿ ನುಡಿಸ್ತಾರೆ, ಕಲಿಯೋರು ಕಿವಿಯಿಂದಲೇ ಹಿಡೀತಾರೆ. ಅವರ 'ಜಿಗ್' ಕುಣಿತದ ಲಯವೂ ಆರರದ್ದೇ. ಅವರಲ್ಲಿ 'ಬೌರಾನ್' ಅಂತ ಒಂದು ವಾದ್ಯ ಇದೆ: ಮರದ ಬಳೆ, ಒಂದು ಬದಿ ಮೇಕೆ ಚರ್ಮ, ಕೋಲು. ಫೋಟೋ ನೋಡಿದ್ರೆ ತಮಟೆಯ ದೂರದ ನೆಂಟ ಅನ್ನಿಸುತ್ತೆ. ಹಬ್ಬದ ದಿನ ಬೀದಿ ಸುತ್ತೋ ಹುಡುಗರ ವಾದ್ಯವಾಗಿದ್ದ ಅದನ್ನು 1960ರ ದಶಕದಲ್ಲಿ ಶಾನ್ ಓ ರಿಯಾದ ಅನ್ನೋ ಸಂಗೀತಗಾರ ಕಛೇರಿ ವೇದಿಕೆಗೆ ತಂದ. ಇವತ್ತು ಅದನ್ನು ಕಲಿಯೋಕೆ ಬೇರೆ ಬೇರೆ ದೇಶಗಳಿಂದ ಜನ ಬರ್ತಾರೆ.

ಪಾಠ 3, ಶಿರಾ: ತಪ್ಪಿದ್ರೆ ನಿಲ್ಲಿಸಬೇಡಿ

ಶಿರಾ ಸೀಮೆ ಅಂದ್ರೆ ಕಾಡುಗೊಲ್ಲರ ಗಣೆ ನೆನಪಾಗುತ್ತೆ. ಉದ್ದನೆಯ ಬಿದಿರಿನ ಕೊಳಲು, ಅದರ ಜೊತೆ ಜುಂಜಪ್ಪನ ಕಥೆ. ಅದೂ ಪುಸ್ತಕ ಇಲ್ಲದೆ ಬಾಯಿಂದ ಕಿವಿಗೆ ಬಂದದ್ದೇ. ನಾವು ಹೋಗಿದ್ದು ಮಾತ್ರ ತಮಟೆ ತಂಡವೊಂದರ ಹತ್ತಿರ. ಅವತ್ತು ಮೊದಲ ಸಲ ಒಬ್ಬರ ಬದಲು ಆರು ಜನ ಒಟ್ಟಿಗೆ ಬಾರಿಸೋದನ್ನು ಹತ್ತಿರದಿಂದ ಕೇಳಿದ್ದು. ನನ್ನ ಎದೆಗೂಡೇ ಅದುರಿತು.

ತಂಡದಲ್ಲಿ ಒಬ್ಬರು ಮುಂದಾಳು. ಉಳಿದವರು ಒಂದೇ ಏಟನ್ನು ಬಿಡದೆ ಹಿಡೀತಾರೆ, ಮುಂದಾಳು ಅದರ ಮೇಲೆ ಆಡ್ತಾರೆ. ಏಟು ಬದಲಾಗಬೇಕಾದ್ರೆ ಬಾಯಲ್ಲಿ ಹೇಳಲ್ಲ. ಬದಲಾಗೋ ಮೊದಲು ಒಂದು ಜೋರು ಏಟು, ಒಂದು ಹೆಜ್ಜೆ ಹಿಂದಕ್ಕೆ. ಅದನ್ನು ನೋಡ್ತಾ ಇರಬೇಕು. ನಾವು ಐದೂ ಜನ ನಮ್ಮ ನಮ್ಮ ಕೈಯನ್ನೇ ನೋಡ್ಕೊಂಡಿದ್ವಿ, ಹಾಗಾಗಿ ಪ್ರತಿ ಸಲ ಮಿಸ್. ನಾನು ತಪ್ಪಿದಾಗಲೆಲ್ಲ ನಿಲ್ಲಿಸ್ತಿದ್ದೆ. ಮುಂದಾಳು ಹತ್ತಿರ ಬಂದು "ನೀನು ನಿಂತ್ರೆ ಮೆರವಣಿಗೆ ನಿಲ್ತದಾ? ಹೊಯ್ತಾ ಇರು, ಸಿಕ್ಕಿದ ಕಡೆ ಹತ್ಕೋ" ಅಂದ್ರು. ಓಡೋ ಬಸ್ ಹತ್ತೋ ಹಾಗೆ. ಸೆಮಿಸ್ಟರ್‌ಗೂ ಇದೇ ಸಲಹೆ ಅಂತ ನನ್ನ ಫ್ರೆಂಡ್ ಗೊಣಗಿದ.

ಪಾಠ 4, ಪಾವಗಡ: ಈ ಏಟು ಯಾರದು?

ಪಾವಗಡಕ್ಕೆ ಸುತ್ತ ಆಂಧ್ರ. ಇಲ್ಲಿ ತೆಲುಗಿನವರ ಬಾಯಲ್ಲಿ ಇಂಥದೇ ವಾದ್ಯ 'ಡಪ್ಪು', ಉತ್ತರ ಕರ್ನಾಟಕದಲ್ಲಿ 'ಹಲಗೆ', ತಮಿಳಿನಲ್ಲಿ 'ಪರೈ'.

ನನ್ನ ರೂಮ್‌ಮೇಟ್ ಈ ಕಡೆಯವನು. ಟೆರೇಸ್ ಮೇಲೆ ನಾವು ಬಡಿಯೋವಾಗ ಇಯರ್‌ಫೋನ್ ಹಾಕ್ಕೊಂಡು ಓದ್ತಿದ್ದವನು. ಅವತ್ತು ಊರಿಗೆ ಹೊರಟವನು ಅದೇ ಬಸ್ಸಲ್ಲಿ ಸಿಕ್ಕಿದ, ಕಲಾವಿದರ ಮನೆಯ ದಾರಿ ತೋರಿಸಿದ, ಜೊತೆಗೇ ಕೂತ. ನನ್ನ ಎಡಗೈ ಕಡ್ಡಿ ತಡವಾಗಿ ಬೀಳ್ತಿತ್ತು. ನೋಡಿ ನೋಡಿ ತಡೆಯಲಾಗದೆ ಕೋಲು ಇಸ್ಕೊಂಡು ಬಾರಿಸಿದ. ಅರ್ಧ ನಿಮಿಷ ಇರಬಹುದು. ನಾಲ್ಕು ವಾರದಲ್ಲಿ ನಾವು ಮುಟ್ಟದ ಜಾಗಕ್ಕೆ ಹೋಗಿ ಬಂದ. ವಾಪಸ್ ಕೊಟ್ಟು ಹೊರಗೆ ಹೋದ.

ಬಸ್‌ಸ್ಟ್ಯಾಂಡಿನಲ್ಲಿ ಕೇಳಿದೆ, ಯಾಕೋ ಹೇಳಲಿಲ್ಲ? "ನಮ್ಮಪ್ಪ ನನ್ನ ಓದಿಸಿದ್ದೇ ಇದನ್ನ ಬಾರಿಸಬಾರದು ಅಂತ" ಅಂದ. "ಸ್ಟೇಜ್ ಮೇಲೆ ನೀನು ಬಾರಿಸಿದ್ರೆ ಆರ್ಟಿಸ್ಟ್. ನಾನು ಬಾರಿಸಿದ್ರೆ ನಮ್ಮಜ್ಜ ಯಾರು ಅಂತ ಲೆಕ್ಕ ಹಾಕ್ತಾರೆ." ಅವನ ಅಜ್ಜ ಊರಲ್ಲಿ ಯಾರೇ ಸತ್ತರೂ ಕರೆದಾಗ ಹೋಗಬೇಕಿತ್ತು. ಬೇಡ ಅನ್ನೋ ಹಾಗಿರಲಿಲ್ಲ. ಊಟ ಹಿತ್ತಿಲಲ್ಲಿ.

ಆಗ ನನಗೆ ಮಧುಗಿರಿಯ ತಾತನ "ಸ್ವಾಮಿ" ಅರ್ಥವಾಯ್ತು. ತಮಟೆ ಬಾರಿಸೋದು ನಮ್ಮ ಕಡೆ ಬಹುಕಾಲ ದಲಿತರ ಪಾಲಿಗೆ ಹುಟ್ಟಿನಿಂದಲೇ ಬಂದ ಚಾಕರಿ. ಡಂಗುರ ಸಾರೋದು, ಸಾವು, ಮಾರಿಹಬ್ಬ. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದು ಮಾಡುವ ಕಾಯ್ದೆ ನಮ್ಮ ರಾಜ್ಯದಲ್ಲಿ 1961ರಲ್ಲಿ ಬಂತು. ಕಾಯ್ದೆ ಬಂದರೂ ಅಭ್ಯಾಸ ಹೋಗಿಲ್ಲ. ಬೇರೆಲ್ಲೋ ಯಾಕೆ, ನಮ್ಮ ಮನೆಯಲ್ಲೇ. ತಮಟೆ ಕಲೀತಿದ್ದೀನಿ ಅಂತ ಫೋನಲ್ಲಿ ಹೇಳಿದಾಗ ನಮ್ಮಜ್ಜಿ ಮೊದಲು ಕೇಳಿದ್ದು "ಮುಟ್ಟಿದ ಮೇಲೆ ಸ್ನಾನ ಮಾಡಿದ್ಯಾ?" ಅಂತ. ಮೃದಂಗದಲ್ಲೂ ಇರೋದು ಚರ್ಮವೇ ಅಲ್ವಾ ಅಜ್ಜಿ ಅಂದೆ. ಅಜ್ಜಿ ಫೋನ್ ಅಮ್ಮನಿಗೆ ಕೊಟ್ರು.

ಇನ್ನೊಂದು ಮಾತೂ ನಿಜ. ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಮರ್ಯಾದೆ ಬರ್ತಿದೆ. ಆದರೆ ಅದು ವಾದ್ಯಕ್ಕೆ ಬಂದು ಬಾರಿಸಿದ ಮನೆತನಕ್ಕೆ ಬರದೇ ಹೋದರೆ, ನಾವು ಕಲಿತದ್ದು ಅರ್ಧ ಪಾಠ ಅಂತ ನನಗೆ ಅನ್ನಿಸುತ್ತೆ. ಕಿವಿಯಿಂದ ಕಲಿಯೋ ವಿದ್ಯೆಯಲ್ಲಿ ಪುಸ್ತಕ ಇರಲ್ಲ, ಆ ಜನರೇ ಪುಸ್ತಕ. ಏಟನ್ನು ಮಾತ್ರ ಹರ್ಕೊಂಡು ಬರೋಕಾಗಲ್ಲ.

ಕಾರ್ಯಕ್ರಮದ ದಿನ

ನಮ್ಮ ಪ್ಲಾನ್ ಬದಲಾಯ್ತು. ಮೊದಲು ಶಿರಾ ತಂಡ, ಅವರು ಕೇಳಿದಷ್ಟೇ ಸಂಭಾವನೆ ಕೊಟ್ಟು. ಆಮೇಲೆ ಅವರ ಹಿಂದೆ ನಾವು ಐದು ಜನ ನಾಲ್ಕು ನಿಮಿಷ. ರೂಮ್‌ಮೇಟ್‌ನನ್ನು ಒಂದು ಸಲ ಕೇಳಿದೆ, ಬೇಡ ಅಂದ, ಎರಡನೇ ಸಲ ಕೇಳಲಿಲ್ಲ. ಅವನು ಎರಡನೇ ಸಾಲಿನಲ್ಲಿ ಕೂತಿದ್ದ. ಮಧುಗಿರಿಯ ತಾತ ಬೆಳಗ್ಗೆಯೇ ಬಂದು ರಿಹರ್ಸಲ್‌ನಲ್ಲಿ ಕುರ್ಚಿ ಮೇಲೆ ಕೂತು ನೋಡ್ತಿದ್ರು. ನಾನು ಎಡಗೈ ತಪ್ಪಿಸಿದ ಕೂಡಲೇ "ಲೇ, ಕಡ್ಡಿ ಎಲ್ಲಿ ಹೋಯ್ತೋ!" ಅಂತ ಕೂಗಿದ್ರು. ನಾಲ್ಕು ವಾರದಲ್ಲಿ ನನಗೆ ಸಿಕ್ಕ ದೊಡ್ಡ ಮಾರ್ಕ್ಸ್ ಅದೇ.

ಮುಂದಿನ ಬ್ಯಾಚ್‌ಗೆ

ಒಂದು, ಹೋಗುವ ಮೊದಲು ಫೋನ್ ಮಾಡಿ. ಹಬ್ಬ, ಜಾತ್ರೆಯ ಸೀಸನ್‌ನಲ್ಲಿ ಅವರಿಗೆ ಅದೇ ದುಡಿಮೆ, ಅಡ್ಡ ಹೋಗಬೇಡಿ.

ಎರಡು, ಪಾಠಕ್ಕೆ ದುಡ್ಡು ಕೊಡಿ. ಕೋಚಿಂಗ್‌ಗೆ ಕೊಡ್ತೀವಲ್ಲ, ಹಾಗೆ.

ಮೂರು, ಕೇಳಿಯೇ ರೆಕಾರ್ಡ್ ಮಾಡಿ, ರೀಲ್ಸ್ ಹಾಕಿದ್ರೆ ಗುರುಗಳ ಹೆಸರು ಹಾಕಿ, ಅವರು ಒಪ್ಪಿದ್ರೆ.

ನಾಲ್ಕು, ಅವರ ಮನೆಯಲ್ಲಿ ಊಟಕ್ಕೆ ಕರೆದರೆ ಕೂತು ಉಣ್ಣಿ. ನಾವು ಮೊದಲ ವಾರ ಬಸ್ ತಪ್ಪುತ್ತೆ ಅಂತ ಎದ್ದು ಬಂದಿದ್ವಿ. ತಾತ ಏನೂ ಅನ್ನಲಿಲ್ಲ. ಆದರೆ ಅವರು ಅದನ್ನು ಹೇಗೆ ಅರ್ಥ ಮಾಡ್ಕೊಂಡಿರಬಹುದು ಅಂತ ನನಗೆ ಹೊಳೆದದ್ದು ಪಾವಗಡದಿಂದ ಬಂದ ಮೇಲೆ.