ಬಾಗಿಲು ಮುಚ್ಚಿದರೂ ನಿಲ್ಲದ ಕೆಲಸ



ಕಂಪ್ಯೂಟರಿನಿಂದ ಅಕ್ಷರಗಳ ಆಜ್ಞೆಯ ಮೂಲಕವೂ ಕೆಲಸ ಮಾಡಿಸಬಹುದೆಂಬುದನ್ನು ನೀವು ಬಲ್ಲಿರಿ. ಆ ಆಜ್ಞೆಗಳನ್ನು ಬರೆಯುವ ಕಿಟಕಿಯೇ ಟರ್ಮಿನಲ್. ಕೇರಳದ ಶಾಲೆಗಳ ಕಂಪ್ಯೂಟರುಗಳಲ್ಲಿ ಲಿನಕ್ಸ್ ಇರುವುದರಿಂದ ಇದು ನಮಗೆ ಅಪರಿಚಿತವಲ್ಲ. ಎಸ್‌ಎಸ್‌ಎಚ್ ಎಂಬ ಸಾಧನದಿಂದ ದೂರದ ಊರಿನ ಯಂತ್ರಕ್ಕೂ ಹೀಗೆ ಆಜ್ಞೆ ಕೊಡಬಹುದು.

ದೂರದ ಯಂತ್ರದಲ್ಲಿ ಮೂರು ಗಂಟೆಯ ಲೆಕ್ಕವೊಂದು ನಡೆಯುತ್ತಿದೆ ಎನ್ನಿ. ಮಳೆಗಾಲದ ಗಾಳಿಗೆ ನಮ್ಮಲ್ಲಿ ಕರೆಂಟು ಹೋಗಿ ಸಂಪರ್ಕ ಕಡಿಯಿತು. ಆ ಯಂತ್ರಕ್ಕೆ ಏನೂ ಆಗಿಲ್ಲ. ಆದರೂ ಸಾಮಾನ್ಯವಾಗಿ ಲೆಕ್ಕ ಅರ್ಧಕ್ಕೇ ನಿಲ್ಲುತ್ತದೆ. ಏಕೆ?

ಹಿಂದೆ ಟರ್ಮಿನಲ್ಲುಗಳನ್ನು ಟೆಲಿಫೋನ್ ತಂತಿಯ ಮೂಲಕ ದೊಡ್ಡ ಕಂಪ್ಯೂಟರಿಗೆ ಜೋಡಿಸುತ್ತಿದ್ದರು. ಆಚೆ ಫೋನ್ ಇಟ್ಟೊಡನೆ ಯುನಿಕ್ಸ್ ವ್ಯವಸ್ಥೆಯು ಆ ಟರ್ಮಿನಲ್ಲಿನ ಕೆಲಸಗಳಿಗೆ ‘ಹ್ಯಾಂಗಪ್’ ಎಂಬ ಸಂಕೇತ ಕಳುಹಿಸಿ ನಿಲ್ಲಿಸುತ್ತಿತ್ತು. ಆ ಪದ್ಧತಿ ಲಿನಕ್ಸಿಗೂ ಬಂದಿದೆ.

ಇದಕ್ಕೆ ಪರಿಹಾರವೆಂದರೆ ನಡುವೆ ಒಬ್ಬ ಕಾವಲುಗಾರನನ್ನು ಇರಿಸುವುದು. 1987ರಲ್ಲಿ ಬರ್ಲಿನ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಒಲಿವರ್ ಲೌಮನ್ ಮತ್ತು ಕಾರ್ಸ್ಟನ್ ಬೋರ್ಮನ್ ‘ಸ್ಕ್ರೀನ್’ ಎಂಬ ತಂತ್ರಾಂಶವನ್ನು ರಚಿಸಿದರು. 2007ರಲ್ಲಿ ನಿಕೋಲಸ್ ಮ್ಯಾರಿಯಟ್ ಅವರ ‘ಟೀಮಕ್ಸ್’ ಬಂದಿತು. ಇವುಗಳಲ್ಲಿ ಕೆಲಸವು ನಮ್ಮ ಕಿಟಕಿಗೆ ಅಂಟಿಕೊಂಡಿರದೆ, ಆ ಯಂತ್ರದಲ್ಲೇ ನೆಲೆಸಿದ ‘ಸೆಷನ್’ನೊಳಗೆ ನಡೆಯುತ್ತದೆ. ಒಲೆಯ ಮೇಲೆ ಅನ್ನವಿಟ್ಟು ಬಾಗಿಲೆಳೆದುಕೊಂಡು ಹೊರಗೆ ಬಂದರೆ ಅನ್ನ ಬೇಯುವುದು ನಿಲ್ಲುವುದೇ? ಹಾಗೆಯೇ ಇದೂ.

ಟೀಮಕ್ಸ್ ಬಳಸುವ ಕ್ರಮವನ್ನು ನೋಡೋಣ. ದೂರದ ಯಂತ್ರವನ್ನು ಪ್ರವೇಶಿಸಿದ ಬಳಿಕ ಆಜ್ಞೆಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಬೇಕು.

1. ‘ಟೀಮಕ್ಸ್ ನ್ಯೂ -ಎಸ್ ಪಾಠ’ ಎಂದರೆ ‘ಪಾಠ’ ಎಂಬ ಹೆಸರಿನ ಸೆಷನ್ ಆರಂಭವಾಗುತ್ತದೆ.
2. ಕಂಟ್ರೋಲ್ ಮತ್ತು ಬಿ ಕೀಲಿಗಳನ್ನು ಒಟ್ಟಿಗೆ ಒತ್ತಿ, ಬಿಟ್ಟು, ಬಳಿಕ ಡಿ ಒತ್ತಿದರೆ ನಾವು ಹೊರಬರುತ್ತೇವೆ; ಕೆಲಸ ಒಳಗೆ ಸಾಗುತ್ತಿರುತ್ತದೆ.
3. ‘ಟೀಮಕ್ಸ್ ಎಲ್‌ಎಸ್’ ಎಂದರೆ ಸೆಷನ್‌ಗಳ ಪಟ್ಟಿ ಸಿಗುತ್ತದೆ.
4. ‘ಟೀಮಕ್ಸ್ ಅಟ್ಯಾಚ್ -ಟಿ ಪಾಠ’ ಎಂದರೆ ಬಿಟ್ಟಲ್ಲಿಗೇ ಮರಳುತ್ತೇವೆ. ಕರೆಂಟು ಹೋಗಿ ಸಂಪರ್ಕ ತಪ್ಪಿದ್ದರೂ ಮರಳುವ ದಾರಿ ಇದೇ.

ಇನ್ನೊಂದು ಪ್ರಯೋಜನವುಂಟು. ಅದೇ ಖಾತೆಯಿಂದ ಪ್ರವೇಶಿಸಿದ ಇನ್ನೊಬ್ಬರು ನಾಲ್ಕನೆಯ ಆಜ್ಞೆಯನ್ನು ಕೊಟ್ಟರೆ ಇಬ್ಬರಿಗೂ ಒಂದೇ ಪರದೆ ಕಾಣುತ್ತದೆ, ಇಬ್ಬರೂ ಬರೆಯಬಹುದು. ಅಧ್ಯಾಪಕರು ಬೇರೆ ಊರಿನಲ್ಲಿದ್ದೇ ಶಿಷ್ಯನ ಕೈತಪ್ಪನ್ನು ತಿದ್ದಬಹುದು. ಆಜ್ಞೆಗೆ ‘-ಆರ್’ ಸೇರಿಸಿದರೆ ಬಂದವರು ನೋಡಬಹುದಷ್ಟೇ, ಬರೆಯಲಾಗದು.

ಎರಡು ಎಚ್ಚರಿಕೆಗಳು. ದೂರದ ಯಂತ್ರವೇ ನಿಂತುಹೋದರೆ ಸೆಷನ್ ಕೂಡ ಅಳಿಯುತ್ತದೆ. ಆದುದರಿಂದ ಕಡತಗಳನ್ನು ಆಗಾಗ ಉಳಿಸಿಕೊಳ್ಳಬೇಕು. ಎರಡನೆಯದಾಗಿ, ಖಾತೆಯನ್ನು ಹಂಚಿಕೊಂಡವನಿಗೆ ನಮ್ಮ ಕಡತಗಳನ್ನು ಅಳಿಸುವ ಅಧಿಕಾರವೂ ದೊರೆಯುತ್ತದೆ. ‘-ಆರ್’ ಎಂಬುದು ಕೈತಪ್ಪಿಗೆ ತಡೆಯೇ ಹೊರತು ದುರ್ಬುದ್ಧಿಗೆ ಬೀಗವಲ್ಲ. ಬಾಗಿಲನ್ನು ತೆರೆದುಕೊಡುವುದು ಯಂತ್ರದ ಕೆಲಸ. ಯಾರನ್ನು ಒಳಗೆ ಕರೆಯಬೇಕೆಂಬ ವಿವೇಕ ನಮ್ಮದು.